ಐಸಿಲ್ಲದ ಪೆಟ್ಟಿಗೆ

ನನ್ನ ಗಂಡನಿಗೆ ಯಾವ ಬಾಗಿಲೂ ತೆರೆದಿರಬಾರದು. ಬೈಕಂಪಾಡಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೂವತ್ತು ವರ್ಷ ಮೀನು ಕಾದ ಮನುಷ್ಯ ಅವರು. ಅಲ್ಲಿಯ ದಪ್ಪ ಬಾಗಿಲನ್ನು ಯಾರಾದರೂ ಒಂದು ನಿಮಿಷ ಹೆಚ್ಚು ತೆರೆದಿಟ್ಟರೆ ಬೈಯುವ ಕೆಲಸ ಇವರದ್ದು. ಆ ಅಭ್ಯಾಸ ಮನೆಗೂ ಬಂತು. ಇವತ್ತು ಎಂತ ಪದಾರ್ಥ ಮಾಡುವುದು ಎಂದು ನಾನು ಫ್ರಿಜ್ಜಿನ ಮುಂದೆ ನಿಂತು ಸ್ವಲ್ಪ ಯೋಚಿಸಿದರೆ ಸಾಕು, ಚಾವಡಿಯಿಂದ "ಬಾಗಿಲು!" ಎಂದು ಒಂದು ಕೂಗು. ಮೇ ತಿಂಗಳಲ್ಲಿ ಊರಿಗೆ ಊರೇ ಅಂಗಿ ಕಳಚಿ ಕೂತಿರುವಾಗ ಇವರು ಚೀಲದಲ್ಲಿ ಸ್ವೆಟರ್ ಮಡಚಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ನೋಡಿದವರು ನಗುತ್ತಿದ್ದರಂತೆ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಮನೆ ಜೆಪ್ಪುವಿನಲ್ಲಿ. ಮೊದಲು ಹೆಂಚಿನದಿತ್ತು. ಮಗಳು ಹೈಸ್ಕೂಲಿಗೆ ಹೋಗುವಾಗ ಅದನ್ನು ಬಿಚ್ಚಿ ತಾರಸಿ ಹಾಕಿಸಿದೆವು. ಹೊಸ ತಾರಸಿ ಎರಡು ಮಳೆಗಾಲ ಸೋರಿತು. ಮೂರನೆಯ ವರ್ಷ ಎಲ್ಲರ ಹಾಗೆ ನಾವೂ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕಿಸಿದೆವು. ಮಳೆ ಅಡ್ಡ ಹೊಡೆಯುತ್ತದೆ ಎಂದು ಇವರು ನಾಲ್ಕೂ ಬದಿಗೆ ಶೀಟ್ ಇಳಿಸಿ ಗಾಳಿಯಾಡದ ಹಾಗೆ ಮುಚ್ಚಿಸಿದರು. ಆಮೇಲೆ ಒಂದು ಹನಿ ಒಳಗೆ ಬರಲಿಲ್ಲ. ನಮ್ಮೂರಲ್ಲಿ ಮನೆ ಕಟ್ಟುವವರು ನೋಡುವುದು ಮಳೆಯ ಮುಖ ಒಂದೇ. ಉಳಿದ ತಿಂಗಳುಗಳು ಹೇಗೋ ಕಳೆಯುತ್ತವೆ ಎಂಬ ಧೈರ್ಯ. ಬೇಸಿಗೆಯಲ್ಲಿ ಆ ಶೀಟಿನಡಿ ನಾನು ಹಪ್ಪಳ, ಸಂಡಿಗೆ ಹರವುತ್ತಿದ್ದೆ. ಬಿಸಿಲಿನಲ್ಲಿಟ್ಟದ್ದಕ್ಕಿಂತ ಬೇಗ ಒಣಗುತ್ತಿದ್ದವು. ಹಾಗಾದರೆ ಅದರ ಕೆಳಗಿನ ಕೋಣೆಗಳ ಗತಿ ಏನು ಎಂದು ಯೋಚಿಸಲಿಲ್ಲವೇ ಎಂದು ಕೇಳಬೇಡಿ. ಸೆಕೆ ಅಂದರೆ ಸೆಕೆ, ಅದಕ್ಕೆ ಯೋಚನೆ ಮಾಡುವುದು ಎಂತದ್ದು? ಫ್ಯಾನ್ ಜೋರು ಮಾಡಿ ನೆಲದ ಮೇಲೆ ಮಲಗುವುದು.

ಯೋಚನೆ ಬಂದದ್ದು ಮಗಳು ಚೊಚ್ಚಲ ಹೆರಿಗೆಗೆ ಬಂದಾಗ. ನಾವು ತುಳುವರು ಏಳನೆಯ ತಿಂಗಳಲ್ಲಿ ಬಯಕೆಯ ಶಾಸ್ತ್ರ ಮಾಡಿ, ಮಡಿಲು ತುಂಬಿಸಿ, ಮಗಳನ್ನು ತವರಿಗೆ ಕರೆತರುತ್ತೇವೆ. ಹೆರಿಗೆಯಾಗಿ ಬಾಣಂತನ ಮುಗಿಯುವ ತನಕ ಅವಳು ತಾಯಿಯ ಹತ್ತಿರವೇ. ನಮ್ಮ ಮಗಳಿಗೆ ಡಾಕ್ಟರಮ್ಮ ದಿನ ಕೊಟ್ಟದ್ದು ಮೇ ತಿಂಗಳಿಗೆ. ಅಂದರೆ ಸೆಕೆಯ ನಡುಮಧ್ಯ.

ಬಯಕೆಯ ದಿನವೇ ಬೀಗಿತ್ತಿ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಫ್ಲ್ಯಾಟ್ ನಂತೂರಿನಲ್ಲಿ. ಲಾರಿಗಳ ಸದ್ದು ಬೇಡವೆಂದು ಕಿಟಕಿ ಮುಚ್ಚಿ ಎಲ್ಲ ಕೋಣೆಗೂ ಎಸಿ ಹಾಕಿಸಿದ್ದಾರೆ. "ನಿಮ್ಮಲ್ಲಿ ಸ್ವಲ್ಪ ಸೆಕೆ ಉಂಟಲ್ಲ ಅಕ್ಕ," ಎಂದರು. "ಇವಳಿಗೆ ಬಂಙ, ಕಷ್ಟ ಆದ್ರೆ ನನಗೊಂದು ಫೋನ್ ಮಾಡಿ. ನಾವು ಬಂದು ಕರ್ಕೊಂಡು ಹೋಗ್ತೇವೆ. ಸಂಕೋಚ ಎಂತಕ್ಕೆ?"

ಒಳ್ಳೆಯ ಹೆಂಗಸು. ಮನಸ್ಸಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಆದರೂ ನನಗೆ ಆ ಮಾತು ಚುಚ್ಚಿತು. ಯಾಕೆಂದರೆ ನನಗೆ ತವರಿನ ಬಾಣಂತನ ಸಿಗಲಿಲ್ಲ. ನಾನು ಬಸುರಿಯಾಗಿರುವಾಗಲೇ ಅಮ್ಮ ತೀರಿಹೋದರು. ತವರಿನಲ್ಲಿ ಬೇರೆ ಹೆಂಗಸರಿರಲಿಲ್ಲ. ನನ್ನ ಬಾಣಂತನವನ್ನು ಇದೇ ಮನೆಯಲ್ಲಿ ಅತ್ತೆ ಮಾಡಿದರು, ಚೆನ್ನಾಗಿಯೇ ಮಾಡಿದರು. ಆದರೆ ಅತ್ತೆಯ ಎದುರು "ನಾನು ಇನ್ನೂ ಸ್ವಲ್ಪ ಮಲಗ್ತೇನೆ" ಎಂದು ಹೇಳಲು ಬಾಯಿ ಬರುತ್ತದೆಯೇ? ಅವರು ಬಾಗಿಲಲ್ಲಿ ಕಂಡರೆ ಎದ್ದು ಕೂರುವುದು, ಕೈಯಲ್ಲಿ ಬಟ್ಟಲು ಕೊಟ್ಟರೆ ಸುಮ್ಮನೆ ಕುಡಿಯುವುದು. ನನ್ನ ಮಗಳಿಗೆ ಹಾಗೆ ಆಗಬಾರದು ಎಂದು ಅವಳು ಹುಟ್ಟಿದ ದಿನವೇ ನಿಶ್ಚಯ ಮಾಡಿಕೊಂಡಿದ್ದೆ. ಈಗ ಜುಜುಬಿ ಸೆಕೆಯ ಕಾರಣಕ್ಕೆ ಅವಳನ್ನು ಬಿಟ್ಟುಕೊಡುವುದೇ?

ಅವತ್ತು ಸಂಜೆ ಇವರ ಹತ್ತಿರ ಹೇಳಿದೆ: "ನೋಡಿ, ಮಗಳು ಮಲಗುವ ಪಡುವಣ ಕೋಣೆಗೆ ಒಂದು ಎಸಿ ಹಾಕುವ."

ಹಾಗೆ ಹೇಳಿದೆನೇ ಹೊರತು ಎಣ್ಣೆ ತಿಕ್ಕಿ ಬಿಸಿನೀರು ಎರೆದ ಬಾಣಂತಿಯ ಮೈಗೆ ಎಸಿ ಗಾಳಿ ತಾಗಿಸಲು ನನಗೂ ಇಷ್ಟವಿರಲಿಲ್ಲ. ಏನೂ ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಅವರ ಓದು ಅವರಿಗೆ, ನನ್ನ ನಂಬಿಕೆ ನನಗೆ.

ಇವರಿಗಂತೂ ಎಸಿ ಎಂದ ಕೂಡಲೇ ಮುಖ ಗಂಟಾಯಿತು. "ಮಷೀನು ಹಾಕ್ಲಿಕ್ಕೆ ಯಾರಿಗೂ ಬರ್ತದೆ ಮಾರಾಯ್ತಿ. ಮೂವತ್ತು ವರ್ಷ ಬಂಗುಡೆ ಮೀನನ್ನು ಕೆಡದ ಹಾಗೆ ಇಟ್ಟವ ನಾನು. ನನ್ನ ಮಗಳನ್ನು ತಂಪಾಗಿ ಇಡ್ಲಿಕ್ಕೆ ನನಗೆ ಗೊತ್ತಿಲ್ವಾ?"

"ಮಗಳಿಗೂ ಬಂಗುಡೆಗೂ ವ್ಯತ್ಯಾಸ ಉಂಟು," ಎಂದೆ.

"ಬಿಸಿ ಹೊರಗಿಂದ ಬರುದು. ಅದನ್ನು ಒಳಗೆ ಬಿಡ್ಲಿಕ್ಕಿಲ್ಲ. ಅಷ್ಟೇ ವಿಷಯ. ನೀನು ಮಂಡೆ ಬೆಚ್ಚ ಮಾಡ್ಬೇಡ."

ಮರುದಿನ ಮಧ್ಯಾಹ್ನ ಮನೆಯ ಮುಂದೆ ಒಂದು ಟೆಂಪೊ ನಿಂತಿತು. ಹಿಂದೆ ರಾಶಿ ರಾಶಿ ಬಿಳಿ ಥರ್ಮೊಕೋಲ್ ಪೆಟ್ಟಿಗೆಗಳು. ಐಸ್ ಹಾಕಿ ಮೀನು ತುಂಬಿಸಿ ಕೇರಳಕ್ಕೆ ಕಳಿಸುವ ಪೆಟ್ಟಿಗೆಗಳು ಅವು. ದಕ್ಕೆಯಲ್ಲಿ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವಲ್ಲಿ, ಇವರಿಗೆ ಗುರುತಿನವರು ಬೇಕಾದಷ್ಟು. ಹಳೆಯದಾಯಿತೆಂದು ಬಿಸಾಡಿದ್ದನ್ನೆಲ್ಲ ಕೇಳಿ ತಂದಿದ್ದರು. "ಇದರಲ್ಲಿ ಐಸ್ ಮೂರು ದಿನ ಕರಗುದಿಲ್ಲ. ಗೊತ್ತುಂಟಾ ನಿನಗೆ?" ಎಂದು ಅವುಗಳ ಬೆನ್ನು ತಟ್ಟಿದರು. ನನ್ನ ಬೆನ್ನನ್ನು ಅಷ್ಟು ಪ್ರೀತಿಯಿಂದ ಯಾವಾಗ ತಟ್ಟಿದ್ದರೋ ನೆನಪಿಲ್ಲ.

ಅಂಗಳದಲ್ಲಿ ಇಬ್ಬರೂ ಕೂತು ಸೋಪಿನ ಪುಡಿ ಹಾಕಿ ತಿಕ್ಕಿದೆವು. ಇವರು ಪೆಟ್ಟಿಗೆಗಳ ಬದಿಗಳನ್ನು ಕೊಯ್ದು ಹಲಗೆ ಮಾಡಿ, ತಾರಸಿಯ ಮೇಲೆ ಪಡುವಣ ಕೋಣೆಯ ಅಳತೆಗೆ ಎರಡು ಸಾಲು ಹಾಸಿ ಟರ್ಪಾಲು ಮುಚ್ಚಿದರು. ಆಮೇಲೆ ಕೋಣೆಯ ಒಳಗೆ ಬಂದರು. ಗೋಡೆಯ ಮೇಲಿನ ವೆಂಟಿಲೇಟರುಗಳಿಗೆ ಥರ್ಮೊಕೋಲ್ ತುಂಡು ತುರುಕಿದರು. ಕಿಟಕಿಯ ಸಂದಿಗೆ ಪಟ್ಟಿ ಅಂಟಿಸಿದರು. ಬಾಗಿಲಿನ ಅಡಿಗೆ ರಬ್ಬರು ಹೊಡೆದರು. ಎಲ್ಲ ಮುಗಿದ ಮೇಲೆ ಬಾಗಿಲು ಹಾಕಿ ನೋಡಿದರು. ಅದು ಬುಸ್ಸೆಂದು ಮುಚ್ಚಿಕೊಂಡಿತು. ಇವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

ಮೊದಲು ಬಂದವು ಬೆಕ್ಕುಗಳು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಆದರೆ ಎರಡೇ ದಿನದಲ್ಲಿ ಜೆಪ್ಪುವಿನ ಸಮಸ್ತ ಬೆಕ್ಕುಗಳೂ ನಮ್ಮ ತಾರಸಿಯ ಮೆಟ್ಟಿಲಲ್ಲಿ ಮೀಟಿಂಗ್ ಮಾಡತೊಡಗಿದವು. ಹಿಂದಿನ ಮನೆಯ ಬಾಯಮ್ಮ ಕಾಂಪೌಂಡಿನ ಮೇಲಿಂದ ಇಣುಕಿ "ಎಂತ, ಮೇಲೆ ಮೀನು ಒಣಗಿಸ್ಲಿಕ್ಕೆ ಹಾಕಿದ್ದೀರಾ?" ಎಂದು ಕೇಳಿದರು. ನಾನು ಇಲ್ಲಪ್ಪ ಎಂದೆ. ನನಗೆ ನಿಜವಾಗಿಯೂ ವಾಸನೆ ಬರುತ್ತಿರಲಿಲ್ಲ. ಮೂವತ್ತು ವರ್ಷ ಇವರ ಅಂಗಿ ಒಗೆದ ಮೂಗು ನನ್ನದು. ಮೀನಿನ ವಾಸನೆಯನ್ನು ಅದು ವಾಸನೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬಸುರಿಯ ಮೂಗಿಗೆ ಅದೆಲ್ಲ ನಡೆಯುತ್ತದೆಯೇ? ಮಗಳು ಮೂಗಿಗೆ ಸೆರಗು ಹಿಡಿದುಕೊಂಡೇ ಕೋಣೆಗೆ ಹೋಗುತ್ತಿದ್ದಳು. ಆದರೂ ಅಪ್ಪನ ಮುಖ ನೋಡಿ ಏನೂ ಹೇಳಲಿಲ್ಲ. ಬೆಳಿಗ್ಗೆ ಕೋಣೆ ತಂಪಾಗಿಯೇ ಇರುತ್ತಿತ್ತು. ಇವರು ಗಂಟೆಗೊಮ್ಮೆ ಬಂದು "ಹೇಗುಂಟು ಮಗಾ?" ಎನ್ನುತ್ತಿದ್ದರು. "ಒಳ್ಳೇದುಂಟು ಪಪ್ಪ" ಎನ್ನುತ್ತಿದ್ದಳು. ಊಟದ ಹೊತ್ತಿಗೆ ಒಳಗಿನ ಗಾಳಿ ದಪ್ಪವಾಗುತ್ತಿತ್ತು. ಸಂಜೆಗೆ ಕೈಯಲ್ಲಿ ಹಿಡಿದು ಹಿಂಡಬಹುದು, ಅಷ್ಟು. ಅವಳು ಕಿಟಕಿ ತೆರೆದರೆ ಇವರು ಬಂದು ಮುಚ್ಚುವುದು, ಇವರು ಆಚೆ ಹೋದರೆ ನಾನು ತೆರೆಯುವುದು. ಹೀಗೆ ಎರಡು ವಾರ ಹೋಯಿತು. ಏಪ್ರಿಲ್ ಬಂತು.

ಒಂದು ಗುರುವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಬಸಿಯುತ್ತಿದ್ದೆ. ಮಗಳು ಕೋಣೆಯಿಂದ ಎದ್ದು ಬಂದಳು. ನೈಟಿ ಪೂರ್ತಿ ಒದ್ದೆ, ಕೂದಲು ಕೆನ್ನೆಗೆ ಅಂಟಿಕೊಂಡಿತ್ತು. ಅಷ್ಟು ದೊಡ್ಡ ಹೊಟ್ಟೆ ಹಿಡಿದುಕೊಂಡು ತಣ್ಣಗಿನ ನೆಲದ ಮೇಲೆ ಕೂತು, ಕಡೆಯುವ ಕಲ್ಲಿಗೆ ಒರಗಿ, ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟಳು.

"ಅಮ್ಮ, ನನಗೆ ಆಗುದಿಲ್ಲ. ನಾನು ನಂತೂರಿಗೆ ಹೋಗ್ತೇನೆ. ಅತ್ತೆಗೆ ಫೋನ್ ಮಾಡಿದ್ದೇನೆ. ಆದಿತ್ಯವಾರ ಬರ್ತಾರಂತೆ."

ಅವಳನ್ನು ಬೈಯುವುದು ಹೇಗೆ? ಬೈಯಲು ಸುಲಭವಾಗಿ ಸಿಗುವವರು ಬಾಗಿಲಲ್ಲೇ ನಿಂತಿದ್ದರು. "ಆಯ್ತಲ್ಲ ನಿಮಗೆ? ಸಮಾಧಾನ ಆಯ್ತಾ? ಹೆತ್ತ ಮಗಳನ್ನು ಡಬ್ಬಿಯಲ್ಲಿ ಹಾಕಿ ಬೇಯಿಸಿದ್ರಲ್ಲ ಮಾರಾಯ್ರೆ!" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಎಂದಿನ ಹಾಗೆ ತಿರುಗಿ ಕೂಗಲಿಲ್ಲ. "ಬಿಸಿ ಒಳಗೆ ಬರ್ಲಿಕ್ಕೆ ದಾರಿಯೇ ಇಲ್ಲ," ಎಂದು ಮೆಲ್ಲಗೆ ಹೇಳಿದರು. "ಎಲ್ಲ ಮುಚ್ಚಿದ್ದೇನೆ."

ಮಗಳು ಕಣ್ಣು ಒರಸಿಕೊಂಡು ತಲೆ ಎತ್ತಿದಳು. "ಪಪ್ಪ, ಪೆಟ್ಟಿಗೆಯಲ್ಲಿ ಮೀನಿನ ಒಟ್ಟಿಗೆ ಎಂತ ಹಾಕ್ತೀರಿ?"

"ಐಸು."

"ನನ್ನ ಒಟ್ಟಿಗೆ ಎಂತ ಹಾಕಿದ್ದೀರಿ?"

ಇವರು ಕೋಣೆಯ ಕಡೆ ತಿರುಗಿ ನೋಡಿದರು.

"ಐಸಿಲ್ಲದೆ ಪೆಟ್ಟಿಗೆಯಲ್ಲಿ ಮುಚ್ಚಿಟ್ರೆ ಮೀನು ಎಂತ ಆಗ್ತದೆ?"

"ಹಾಳಾಗ್ತದೆ," ಎಂದರು ಇವರು. ಹೊರಗಿಟ್ಟದ್ದಕ್ಕಿಂತ ಬೇಗ ಹಾಳಾಗುತ್ತದೆ ಎಂದೂ ಸೇರಿಸಿದರು. ಮೀನಿನ ವಿಷಯದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲ ಅವರಿಗೆ. ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂದು ಹೊಳೆದಿರಬೇಕು, ಮುಖ ಸಣ್ಣದಾಯಿತು. ಊಟಕ್ಕೆ ಕೂರದೆ ತಾರಸಿಯ ಮೆಟ್ಟಿಲು ಹತ್ತಿ ಹೋದರು.

ಎಷ್ಟು ಹೊತ್ತಾದರೂ ಇಳಿಯಲಿಲ್ಲ. ನನಗೆ ಹೆದರಿಕೆಯಾಯಿತು, ಹೋಗಿ ನೋಡಿದೆ. ಸೂರ್ಯ ನೆತ್ತಿಗೆ ಬಂದ ಹೊತ್ತಿನಲ್ಲಿ, ನಾಲ್ಕೂ ಬದಿ ಮುಚ್ಚಿದ ಆ ಶೀಟಿನಡಿಯಲ್ಲಿ ಟರ್ಪಾಲಿನ ಮೇಲೆ ಕೂತಿದ್ದರು. ಬನಿಯನ್ ಮೈಗೆ ಅಂಟಿತ್ತು. ಬಾಗಿಲ ಬುಡದಲ್ಲಿ ನಿಂತ ನನಗೇ ಮುಖಕ್ಕೆ ಒಲೆಯ ಝಳ ಹೊಡೆದ ಹಾಗಾಯಿತು.

"ನೋಡು," ಎಂದರು. "ಬಿಸಿ ಇಲ್ಲಿ ಉಂಟು. ನಾನೇ ಕಟ್ಟಿ ಹಾಕಿದ್ದೇನೆ. ಹೊರಗೆ ಹೋಗ್ಲಿಕ್ಕೆ ಇದಕ್ಕೆ ದಾರಿ ಇಲ್ಲ."

"ಗೊತ್ತಾಯ್ತಲ್ಲ, ಇಳೀರಿ. ನಿಮ್ಮನ್ನೂ ಒಣಗಿಸಿ ಡಬ್ಬಿಗೆ ಹಾಕುವ ಕೆಲಸ ನನಗೆ ಬೇಡ," ಎಂದೆ. ಜೋರಾಗಿಯೇ ಹೇಳಿದೆ. ಆದರೆ ಕೈ ಹಿಡಿದು ಇಳಿಸಿಕೊಂಡು ಬಂದು ಮಜ್ಜಿಗೆ ಕೊಟ್ಟೆ.

ಮುಂದಿನ ಎರಡು ದಿನ ನಮ್ಮ ಮನೆಯಲ್ಲಿ ನಡೆದದ್ದು ಮುಚ್ಚಿದ್ದನ್ನೆಲ್ಲ ತೆರೆಯುವ ಕೆಲಸ. ಶುಕ್ರವಾರ ಬೆಳಕು ಹರಿಯುವಾಗಲೇ ಇವರು ಸ್ಪ್ಯಾನರ್ ಹಿಡಿದು ತಾರಸಿಯ ಪಡುವಣ ಮತ್ತು ಮೂಡಣ ಬದಿಯ ಶೀಟುಗಳನ್ನು ಒಂದೊಂದಾಗಿ ಬಿಚ್ಚಿದರು. "ಬೇಸಿಗೆ ಮಳೆ ಬಂದ್ರೆ?" ಎಂದು ನಾನು ಕೇಳಿದೆ. ಮಳೆಯ ಹೆದರಿಕೆ ನನಗೂ ಹುಟ್ಟಿನಿಂದ ಬಂದದ್ದೇ. "ಬಂದ್ರೆ ಒರಸುವ," ಎಂದರು. ಅವರ ಬಾಯಲ್ಲಿ ಆ ಮಾತು ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಕೊನೆಯ ಶೀಟು ಕೆಳಗಿಳಿದಾಗ ಮೇಲೆ ಗಾಳಿ ಈಚೆಯಿಂದ ಆಚೆಗೆ ಸುಯ್ಯೆಂದು ಹೋಯಿತು.

ಮೀನಿನ ಪೆಟ್ಟಿಗೆಗಳನ್ನು ಮತ್ತೆ ದಕ್ಕೆಗೆ ಸಾಗಿಸಿದ್ದಾಯಿತು. ಅವುಗಳ ಹಿಂದೆ ಅರ್ಧ ದಾರಿಯವರೆಗೆ ಎರಡು ಬೆಕ್ಕುಗಳೂ ಹೋದವು. ಬದಲಿಗೆ ಅಂಗಡಿಯಿಂದ ಮೀನು ಕಾಣದ ಹೊಸ ಥರ್ಮೊಕೋಲ್ ಹಲಗೆಗಳು ಬಂದವು. ಅವನ್ನು ತಾರಸಿಗೆ ಒತ್ತಾಗಿ ಹಾಸಿ, ಹಾರಿಹೋಗದ ಹಾಗೆ ಮೇಲೆ ಹೆಂಚು ಜೋಡಿಸಿದರು. ಹಳೆಯ ಮನೆ ಬಿಚ್ಚಿದಾಗ ಬಚ್ಚಲ ಹಿಂದೆ ಪೇರಿಸಿಟ್ಟ ಹೆಂಚುಗಳು. ಅವನ್ನು ಮಾರಿಬಿಡಿ, ಹಾವು ಸೇರುತ್ತದೆ ಎಂದು ವರ್ಷವಿಡೀ ಜಗಳ ಮಾಡುತ್ತಿದ್ದವಳು ನಾನು. ಒಂದೊಂದನ್ನೇ ತಿಕ್ಕಿ ಮೇಲೆ ದಾಟಿಸಿದವಳೂ ನಾನೇ.

ಸಂಜೆಯ ಬಿಸಿಲು ನೇರ ಹೊಡೆಯುವ ಗೋಡೆಗೆ ತೆಂಗಿನ ಮಡಲು ಹೆಣೆದು ತಟ್ಟಿ ಕಟ್ಟಿದೆವು. ವೆಂಟಿಲೇಟರಿನ ತುಂಡುಗಳು ಹೋದವು, ಬಾಗಿಲಿನ ರಬ್ಬರು ಹೋಯಿತು. ಇನ್ನು ಕಿಟಕಿಗಳಿಗೆ ಒಂದು ಕ್ರಮ ಬಂತು. ಬಿಸಿಲೇರಿದ ಮೇಲೆ ಬಿಸಿಲಿನ ಬದಿಯದ್ದು ಮುಚ್ಚುವುದು, ಕಡಲ ಗಾಳಿ ಎದ್ದ ಕೂಡಲೇ ಎಲ್ಲ ತೆರೆಯುವುದು. ಮುಚ್ಚುವುದಕ್ಕೆ ಕೂಗುತ್ತಿದ್ದವರು ಈಗ ತೆರೆಯುವುದಕ್ಕೆ ಕೂಗತೊಡಗಿದರು. ಮನೆಯಲ್ಲಿ ಕೂಗು ಮಾತ್ರ ಕಮ್ಮಿಯಾಗಲಿಲ್ಲ.

ಆದರೆ ಕೆಲಸ ಮುಗಿದದ್ದು ಶನಿವಾರ ಸಂಜೆ. ಬಿಸಿಲಿನಲ್ಲಿ ಕೋಣೆ ಹೇಗಿರುತ್ತದೆ ಎಂದು ನೋಡಲು ಉಳಿದದ್ದು ಆದಿತ್ಯವಾರ ಒಂದೇ. ಮಗಳು ಮಾತ್ರ ಬಟ್ಟೆಯ ಬ್ಯಾಗನ್ನು ಕಟ್ಟಿ ಗೋಡೆಗೆ ಒರಗಿಸಿ ಇಟ್ಟಿದ್ದಳು. "ಬಿಚ್ಚು" ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇವರು ಆ ಕೋಣೆಗೆ ಹೋದಾಗಲೆಲ್ಲ ಬ್ಯಾಗಿನ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು.

ಬೀಗಿತ್ತಿ ಬಂದದ್ದು ಆದಿತ್ಯವಾರ ಮಧ್ಯಾಹ್ನ ಊಟ ಮುಗಿದ ಹೊತ್ತಿಗೆ. ಮಗ, ಅಂದರೆ ನಮ್ಮ ಅಳಿಯ, ಅವರನ್ನು ಗೇಟಿನಲ್ಲಿ ಇಳಿಸಿ, ಏನೋ ಕೆಲಸ ಮುಗಿಸಿಕೊಂಡು ಸಂಜೆಯೊಳಗೆ ಬರುತ್ತೇನೆಂದು ಹೋದ. ಡಾಮರು ಕರಗುವ ಬಿಸಿಲು. ಬೀಗಿತ್ತಿಯ ಮುಖ ಕೆಂಪು ಕೆಂಪು. "ಅಬ್ಬಬ್ಬ, ಎಂತ ಸೆಕೆ!" ಎನ್ನುತ್ತ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಲೇ ಪಡುವಣ ಕೋಣೆಗೆ ಹೋದರು. ಮಗಳು ಎಡಕ್ಕೆ ತಿರುಗಿ ಮಲಗಿ ನಿದ್ದೆ ಹೋಗಿದ್ದಳು. ಎಬ್ಬಿಸುವುದು ಬೇಡ ಎಂದು ಕೈಸನ್ನೆ ಮಾಡಿ ಅವರು ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಎಳನೀರು ಕೆತ್ತಲು ಅಡುಗೆಮನೆಗೆ ಹೋದೆ. ದೇವರೇ, ಇವತ್ತೊಂದು ದಿನ ಮರ್ಯಾದೆ ಉಳಿಸು ಎಂದು ಬೇಡಿಕೊಂಡೆ.

ಎಳನೀರು ಹಿಡಿದು ಬಂದು ನೋಡುತ್ತೇನೆ, ಸೆರಗಿನ ತುದಿ ಮಡಿಲಲ್ಲಿ ಬಿದ್ದಿದೆ, ತಲೆ ಒಂದು ಬದಿಗೆ ವಾಲಿದೆ, ಬೀಗಿತ್ತಿಗೆ ಬಾಯಿ ತೆರೆದು ಗೊರಕೆ! ಸೊಸೆಯನ್ನು ಸೆಕೆಯಿಂದ ಪಾರು ಮಾಡಲು ಬಂದವರು!

ಓಡಿ ಹೋಗಿ ಇವರನ್ನು ಕರೆತಂದು ತೋರಿಸಿದೆ. ಇಬ್ಬರೂ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಇವರ ಕಣ್ಣಲ್ಲಿ ನೀರಿತ್ತು. ನಗುವಿನದ್ದೋ ಬೇರೆಯದ್ದೋ ನಾನು ಕೇಳಲಿಲ್ಲ.

ಸಂಜೆ ಚಹಾದ ಹೊತ್ತಿಗೆ ಎಚ್ಚರವಾಗಿ ಬೀಗಿತ್ತಿ ನಾಚಿಕೊಂಡರು. "ಇಶ್ಶಿ, ನಾನೆಂತ ಹೀಗೆ ಮಲಗಿದೆ! ನಮ್ಮಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಲಿಕ್ಕೆ ಆಗುದಿಲ್ಲ ಅಕ್ಕ, ಆ ಲಾರಿಗಳ ಸದ್ದು." ಮಗಳು ಎದ್ದು ಹಾಸಿಗೆಯಲ್ಲೇ ಕೂತಿದ್ದಳು. ಬೀಗಿತ್ತಿ ಬ್ಯಾಗಿನ ಕಡೆ ನೋಡಿದರು, ಅವಳ ಕಡೆ ನೋಡಿದರು. "ಎಂತ ಮಗಾ, ಹೊರಡುದಾ?"

"ಬೇಡ ಅತ್ತೆ," ಎಂದಳು ಮಗಳು. "ಇಲ್ಲೇ ಇರ್ತೇನೆ."

"ಹಾಗಾದ್ರೆ ನನ್ನನ್ನು ಇಟ್ಕೊಳ್ಳಿ ನಾಲ್ಕು ದಿನ," ಎಂದು ಬೀಗಿತ್ತಿ ನಕ್ಕರು. ನಾನು ಬ್ಯಾಗನ್ನು ಎತ್ತಿಕೊಂಡು ಹೋಗಿ ಬಟ್ಟೆಗಳನ್ನೆಲ್ಲ ಕಪಾಟಿನಲ್ಲಿ ತುಂಬಿಸಿದೆ. ಅವಳು ಮನಸ್ಸು ಬದಲಾಯಿಸುವ ಮೊದಲು ಮುಗಿಯಲಿ ಎಂದು ಒಂದನ್ನೂ ಸರಿಯಾಗಿ ಮಡಚಲಿಲ್ಲ.

ಮೇ ತಿಂಗಳಲ್ಲಿ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೆ ಮಗಳಿಗೆ ಮೊದಲ ಎಣ್ಣೆನೀರು ಹಾಕಿದ್ದು ನಾನೇ. ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಯ ನೀರನ್ನು ಚೊಂಬು ಚೊಂಬಾಗಿ ಸೊಂಟಕ್ಕೆ ಎರೆದು, ತಲೆ ಒರಸಿ, ಕರಿಮೆಣಸಿನ ಸಾರು ಅನ್ನ ಉಣಿಸಿ ಪಡುವಣ ಕೋಣೆಯಲ್ಲಿ ಮಲಗಿಸಿದೆ. ಮಗು ಅವಳ ತೋಳಿನ ಪಕ್ಕದಲ್ಲಿ. ಹೊರಗೆ ಕಾಗೆ ಕೂಡ ಕೂಗದ ಬಿಸಿಲು. ಒಳಗೆ ಅವಳ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ.

"ಅಮ್ಮ, ನನ್ನನ್ನು ಎಬ್ಬಿಸ್ಬೇಡ ಆಯ್ತಾ," ಎಂದಳು. "ಮಗು ಅತ್ತರೆ ನೀನೇ ನೋಡು." ನನ್ನ ಉತ್ತರಕ್ಕೂ ಕಾಯದೆ ಆ ಬದಿಗೆ ತಿರುಗಿ ನಿದ್ದೆ ಹೋದಳು.

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಅವಳ ಬೆನ್ನು ನೋಡುತ್ತ ಕೂತವಳಿಗೆ ಹೊಟ್ಟೆಕಿಚ್ಚಾಯಿತು. ನಾನು ಹೆತ್ತ ಮಗಳ ಮೇಲೆ ನನಗೇ ಹೊಟ್ಟೆಕಿಚ್ಚು. ಅಮ್ಮ ಇದ್ದಿದ್ದರೆ ನಾನೂ ಹೀಗೇ ಹೇಳುತ್ತಿದ್ದೆ. ಅಮ್ಮ ಹೋಗಿ ಇಷ್ಟು ವರ್ಷವಾದ ಮೇಲೆ, ಮೊಮ್ಮಗಳನ್ನು ಪಕ್ಕದಲ್ಲಿಟ್ಟುಕೊಂಡು, ಅವತ್ತು ಅಮ್ಮನಿಗಾಗಿ ಅತ್ತೆ. ಸದ್ದು ಮಾಡದೆ ಅತ್ತೆ, ಯಾಕೆಂದರೆ ಅವಳು ಎಬ್ಬಿಸಬೇಡ ಎಂದಿದ್ದಳು. ಆಮೇಲೆ ನೆಲದ ಮೇಲೆ ಚಾಪೆ ಹಾಸಿ ಅವರಿಬ್ಬರ ಪಕ್ಕದಲ್ಲಿ ಮಲಗಿದೆ.

ಸ್ವಲ್ಪ ಹೊತ್ತಿನಲ್ಲಿ ಇವರು ಬಂದು ಊಟಕ್ಕೆ ಕರೆದರು. ನನಗೆ ಕೇಳಿಸಿತು.

"ನಾನು ಇನ್ನೂ ಸ್ವಲ್ಪ ಮಲಗ್ತೇನೆ," ಎಂದೆ.